ಸರಃಶೋಷ: ಅಳಿದ ಕೆರೆ, ನುಗ್ಗಿದ ನೆರೆ

ಅತಿವೃಷ್ಟಿಯಿಂದ ಊರು ಮುಳುಗಿದಾಗಲೆಲ್ಲ ‘ಪ್ರಕೃತಿಯ ಮುನಿಸು’ ಎಂಬ ಮಾತು ಕೇಳಿಬರುತ್ತದೆ. ಕೆಲವರು ‘ಅವರವರ ಕರ್ಮಫಲ’ ಎಂದು ಹೇಳಿ ಸುಮ್ಮನಾಗುತ್ತಾರೆ. ಜೈನದೃಷ್ಟಿಯಿಂದ ಈ ಎರಡು ಮಾತುಗಳೂ ವಿಮರ್ಶೆಗೆ ನಿಲ್ಲುವುದಿಲ್ಲ. ಮುನಿದು ಶಿಕ್ಷಿಸುವ ಜಗತ್ಕರ್ತನನ್ನು ನಮ್ಮ ದರ್ಶನ ಒಪ್ಪುವುದಿಲ್ಲ. ಕರ್ಮಸಿದ್ಧಾಂತವಾದರೋ ನೊಂದವರ ಮೇಲೆ ಆರೋಪ ಹೊರಿಸುವುದಕ್ಕಾಗಿ ಹುಟ್ಟಿದ್ದಲ್ಲ. ಪ್ರತಿಯೊಬ್ಬನೂ ತನ್ನ ನಡೆಯನ್ನು ತಾನೇ ಪರೀಕ್ಷಿಸಿಕೊಳ್ಳಲೆಂದು ಹುಟ್ಟಿದ್ದು.

ಬೆಂಗಳೂರಿನ ಉದಾಹರಣೆಯನ್ನೇ ನೋಡೋಣ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ಈ ನಗರಕ್ಕೆ ದೊಡ್ಡ ನದಿಯ ಆಸರೆಯಿಲ್ಲ. ಆದುದರಿಂದಲೇ ಹಿರಿಯರು ತಗ್ಗುಗಳಲ್ಲಿ ಕೆರೆಗಳ ಸರಣಿಯನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ರಾಜಕಾಲುವೆಯ ಮೂಲಕ ನೀರು ಕೆಳಗಿನ ಕೆರೆಯನ್ನು ಸೇರುತ್ತಿತ್ತು. ಮಳೆಗಾಲದಲ್ಲಿ ಪ್ರವಾಹವನ್ನು ತಡೆದ ಕೆರೆಯೇ ಬೇಸಗೆಯಲ್ಲಿ ಬಾವಿಗಳಿಗೆ ಜಲವನ್ನು ಒದಗಿಸುತ್ತಿತ್ತು. ಇಂದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. 1973ರ ನಂತರದ ನಾಲ್ಕು ದಶಕಗಳಲ್ಲಿ ನಗರದ ಜಲಪ್ರದೇಶ ಶೇಕಡಾ 79ರಷ್ಟು ಕುಗ್ಗಿತೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಹೇಳಿದೆ.

ಇದರ ಪರಿಣಾಮವನ್ನು ಎರಡು ವರ್ಷಗಳೊಳಗೆ ಎರಡು ವಿಧವಾಗಿ ಕಂಡೆವು. 2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ರಾತ್ರಿಯ ಮಳೆಗೆ ಬೆಳ್ಳಂದೂರು, ಯಮಲೂರು ಪ್ರದೇಶಗಳು ಜಲಾವೃತವಾಗಿ, ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. 2024ರ ಬೇಸಗೆಯಲ್ಲಿ ಅದೇ ನಗರ ಕುಡಿಯುವ ನೀರಿಗಾಗಿ ಟ್ಯಾಂಕರುಗಳ ಹಿಂದೆ ಓಡಿತು. ಮಳೆ ಹೆಚ್ಚಾದುದೂ ಕಡಿಮೆಯಾದುದೂ ನಿಸರ್ಗದ ವ್ಯಾಪಾರ. ಆದರೆ ಹೆಚ್ಚಾದುದನ್ನು ಹಿಡಿದಿಟ್ಟು ಕಡಿಮೆಯಾದಾಗ ಕೊಡುತ್ತಿದ್ದ ಪಾತ್ರೆಯನ್ನು ಒಡೆದವರು ನಾವು.

ಈ ದೋಷವನ್ನು ನಮ್ಮ ಆಚಾರಗ್ರಂಥಗಳು ಎಂದೋ ಗುರುತಿಸಿವೆ. ಶ್ರಾವಕನು ತ್ಯಜಿಸಬೇಕಾದ ಹದಿನೈದು ಕ್ರೂರ ವೃತ್ತಿಗಳಲ್ಲಿ ‘ಸರಃಶೋಷ’, ಅಂದರೆ ಕೆರೆಕೊಳಗಳನ್ನು ಬತ್ತಿಸುವುದು ಒಂದು. 13ನೆಯ ಶತಮಾನದ ಪಂಡಿತ ಆಶಾಧರನ ಸಾಗಾರಧರ್ಮಾಮೃತದಲ್ಲಿ ಈ ಪಟ್ಟಿಯ ಚರ್ಚೆಯಿದೆ. ಸಾವದ್ಯ ಕರ್ಮಗಳು ಅಗಣಿತವಾಗಿರುವಾಗ ಹದಿನೈದೆಂದು ಎಣಿಸುವುದು ಸಾಲದೆಂಬುದು ಅವನ ಆಕ್ಷೇಪ. ಪಟ್ಟಿಯಲ್ಲಿ ಹೆಸರಿಲ್ಲವೆಂಬ ಮಾತ್ರಕ್ಕೆ ಒಂದು ವೃತ್ತಿ ನಿರ್ದೋಷವಾಗದು ಎಂಬುದನ್ನು ಇದರಿಂದ ತಿಳಿಯಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ನಿಷ್ಪ್ರಯೋಜನವಾಗಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆದಕುವುದನ್ನೂ ಸಸ್ಯಗಳನ್ನು ಕಡಿಯುವುದನ್ನೂ ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡದಲ್ಲಿ ಸೇರಿಸುತ್ತದೆ.

‘ಜನಸಂಖ್ಯೆ ಬೆಳೆದಿದೆ, ಮನೆಗಳು ಬೇಡವೇ?’ ಎಂದು ಕೇಳಬಹುದು. ಬೇಕು. ಗೃಹಸ್ಥನಿಗೆ ಆರಂಭಹಿಂಸೆ ಸಂಪೂರ್ಣವಾಗಿ ತಪ್ಪದೆಂಬುದನ್ನು ಶಾಸ್ತ್ರವೂ ಬಲ್ಲದು. ಆದರೆ ಮನೆ ಕಟ್ಟುವುದು ಬೇರೆ, ನೀರು ಹರಿಯುವ ದಾರಿಯಲ್ಲಿ ಕಟ್ಟುವುದು ಬೇರೆ. ‘ಭೂಮಂಡಲವೇ ಬಿಸಿಯೇರಿ ಮಳೆಯ ರಭಸ ಹೆಚ್ಚಿರುವಾಗ ಬಡಾವಣೆಗಳನ್ನು ದೂರಿ ಏನು ಫಲ?’ ಎಂಬುದು ಇನ್ನೊಂದು ವಾದ. ರಭಸ ಹೆಚ್ಚಿರುವುದು ನಿಜವೇ. ಹಾಗಿರುವಾಗ ಕಾಲುವೆಗಳನ್ನು ಕಿರಿದಾಗಿಸುವುದು ಅಜ್ಞಾನವೂ ಅಲ್ಲ, ತಿಳಿದು ಮಾಡುವ ಪ್ರಮಾದ. ಆ ಪ್ರಮಾದದ ಫಲವನ್ನು ಮೊದಲು ಉಣ್ಣುವವರು ತಗ್ಗಿನಲ್ಲಿ ಗುಡಿಸಲು ಕಟ್ಟಿಕೊಂಡ ಕೂಲಿಕಾರರು. ಎಣಿಕೆಗೇ ಸಿಗದೆ ಅಳಿಯುವವು ಮೀನು, ಕಪ್ಪೆ, ಹಕ್ಕಿಗಳು.

ರಾತ್ರಿಭೋಜನವನ್ನು ಬಿಟ್ಟು, ನೀರನ್ನು ಸೋಸಿ ಕುಡಿಯುವ ಕುಟುಂಬವು ಕೆರೆಯಂಗಳದ ನಿವೇಶನವನ್ನು ಲಾಭಕ್ಕೆಂದು ಕೊಂಡರೆ ಆ ಸೋಸುವಿಕೆಗೆ ಅರ್ಥವೇನುಳಿಯಿತು? ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮತ್ತೆ ನೀರಿಗೆ ಬಿಡುವ ನಾವು ಅವು ಬದುಕುವ ನೀರನ್ನೇ ಮುಚ್ಚುವುದು ವಿಪರ್ಯಾಸವಲ್ಲವೇ? ಈ ಪ್ರಶ್ನೆ ನಮ್ಮ ಟ್ರಸ್ಟುಗಳಿಗೂ ಸಲ್ಲುತ್ತದೆ. ದಾನವಾಗಿ ಬಂದ ಭೂಮಿಯ ಹಕ್ಕುಪತ್ರವನ್ನು ಪರಿಶೀಲಿಸುವಂತೆಯೇ ಹಳೆಯ ಗ್ರಾಮನಕ್ಷೆಯಲ್ಲಿ ಅಲ್ಲಿ ಕೆರೆಯೋ ಕಾಲುವೆಯೋ ಇತ್ತೇ ಎಂದು ನೋಡುವುದು, ಇದ್ದರೆ ಆ ದಾನವನ್ನು ವಿನಯದಿಂದ ನಿರಾಕರಿಸುವುದು, ಬಸದಿಯ ಪ್ರಾಕಾರವನ್ನೆಲ್ಲ ಕಲ್ಲುಹಾಸಿನಿಂದ ಮುಚ್ಚದೆ ಮಳೆನೀರು ಇಂಗಲು ನೆಲ ಬಿಡುವುದು, ಇವು ಟ್ರಸ್ಟುಗಳ ಶಕ್ತಿಗೆ ಮೀರಿದ ಕಾರ್ಯಗಳಲ್ಲ.

ಶ್ರವಣಬೆಳಗೊಳಕ್ಕೆ ಆ ಹೆಸರು ಬಂದುದೇ ಅಲ್ಲಿನ ಬಿಳಿಯ ಕೊಳದಿಂದ. ಅದೇ ಊರಿನಲ್ಲಿ ಹೊಯ್ಸಳರ ಕಾಲದ ದಂಡನಾಯಕ ಗಂಗರಾಜನ ಅತ್ತಿಗೆ ಜಕ್ಕಿಮವ್ವೆ ಕಟ್ಟಿಸಿದ ಕೆರೆಗೆ ಇಂದಿಗೂ ಜಕ್ಕಿಕಟ್ಟೆಯೆಂದೇ ಹೆಸರು. ಬಸದಿಗಳನ್ನು ಕಟ್ಟಿಸಿದ ಕುಲವು ಕೆರೆಯನ್ನೂ ಕಟ್ಟಿಸಿತು. ಎರಡನ್ನೂ ಧರ್ಮಕಾರ್ಯವೆಂದೇ ತಿಳಿಯಿತು. ಹೊಸ ಕೆರೆ ಕಟ್ಟಿಸುವ ಪುಣ್ಯ ಇಂದು ಎಲ್ಲರಿಗೂ ಲಭಿಸಲಾರದು. ಇರುವ ಕೆರೆಯನ್ನು ಕೆಡಿಸದಿರುವ ವ್ರತವನ್ನಾದರೂ ಶ್ರಾವಕರೆಲ್ಲರೂ ಕೈಗೊಳ್ಳಬಹುದು.