ಡ್ರೈವರ್ ಸತ್ತರೂ ಸಾಯದ ಟೈಮರ್

ಯಾರಾದರೂ ಲಿನಕ್ಸ್ ಡ್ರೈವರ್ ಬರೆದು ತಂದರೆ ನಾನು ಮೊದಲು ತೆರೆಯುವುದು ಅದರ 'ರಿಮೂವ್' ಫಂಕ್ಷನ್. 'ಪ್ರೋಬ್' ಎಲ್ಲರೂ ಚೆಂದ ಬರೆಯುತ್ತಾರೆ, ಸಾಧನ ಬಂದ ಸಡಗರ ಅದು. ಕುಮಟಾದ ಮಳೆಗಾಲದಲ್ಲಿ ಗುಡುಗು ಕೇಳಿದ್ದೇ ಯುಎಸ್‌ಬಿ ಡಾಂಗಲ್ ಕಿತ್ತಿಡುತ್ತೇವಲ್ಲ, ಆಗ ಓಡುವುದು ರಿಮೂವ್ (ಯುಎಸ್‌ಬಿ ಡ್ರೈವರಿನಲ್ಲಿ ಅದರ ಹೆಸರು 'ಡಿಸ್‌ಕನೆಕ್ಟ್'). ಬರೆದವರ ಕಸುಬು ತಿಳಿಯುವುದು ಅಲ್ಲಿ.

ಎರಡು ಸೆಕೆಂಡು ಬಿಟ್ಟು ಕರೆ ಎಂದು ಡ್ರೈವರ್ ಒಂದು ಟೈಮರ್ ಹೂಡಿರುತ್ತದೆ. ಅಷ್ಟರಲ್ಲಿ ಡಾಂಗಲ್ ಹೋಯಿತು, ಡ್ರೈವರಿನ ಮೆಮರಿ 'ಕೆಫ್ರೀ'ಯಿಂದ ಬಿಡುಗಡೆ ಆಯಿತು. ಟೈಮರ್ ಇದ್ದದ್ದೂ ಅದೇ ಮೆಮರಿಯೊಳಗೆ! ಸಂಜೆ ದೋಣಿ ತಾ ಎಂದು ಹೊನ್ನಾವರದ ತಾರಿಯವನಿಗೆ ಹೇಳಿ, ಮಧ್ಯಾಹ್ನವೇ ದಕ್ಕೆ ಕಿತ್ತುಹಾಕಿದ ಹಾಗೆ. ಕರ್ನಲ್ ತನ್ನ ಟೈಮರ್ ಪಟ್ಟಿಯ ಕೊಂಡಿ ಹಿಡಿದು ಹೋಗಿ ಇನ್ಯಾರದೋ ಡೇಟಾದ ಮೇಲೆ ಬೀಳುತ್ತದೆ. ಕ್ರ್ಯಾಶ್ ವರದಿಯಲ್ಲಿ ಕಾಣುವುದು ಟೈಮರ್ ವ್ಯವಸ್ಥೆಯ ಹೆಸರು; ತಪ್ಪು ಮಾಡಿದ ಡ್ರೈವರಿನ ಸುಳಿವೂ ಇರದು.

ಟೈಮರ್ ನಿಲ್ಲಿಸಲು ಇರುವ 'ಟೈಮರ್ ಡಿಲೀಟ್' (ಹಿಂದಿನ ಹೆಸರು 'ಡೆಲ್ ಟೈಮರ್') ಅದನ್ನು ಪಟ್ಟಿಯಿಂದ ತೆಗೆಯುತ್ತದೆ, ಆದರೆ ಬೇರೆ ಸಿಪಿಯುನಲ್ಲಿ ಓಡುತ್ತಿರುವ ಕಾಲ್‌ಬ್ಯಾಕಿಗೆ, ಅಂದರೆ ಟೈಮರ್ ಕರೆಯುವ ಫಂಕ್ಷನ್ನಿಗೆ, ಕಾಯುವುದಿಲ್ಲ. 'ಟೈಮರ್ ಡಿಲೀಟ್ ಸಿಂಕ್' ಕಾಯುತ್ತದೆ. (ಕಾಲ್‌ಬ್ಯಾಕಿಗೆ ಬೇಕಾದ ಲಾಕನ್ನು ನಾವೇ ಹಿಡಿದು ಕಾದರೆ ಇಬ್ಬರೂ ಅಲ್ಲೇ ಬಾಕಿ.) ಅದೂ ಸಾಲದು. ಕೆಲವು ಡ್ರೈವರುಗಳಲ್ಲಿ ಟೈಮರ್ ವರ್ಕ್‌ಕ್ಯೂಗೆ (ಕರ್ನಲ್ಲಿನ ಕೆಲಸಗಳ ಸರದಿಗೆ) ಕೆಲಸ ಹಚ್ಚುತ್ತದೆ, ಆ ಕೆಲಸ ಟೈಮರನ್ನು ಮತ್ತೆ ಹೂಡುತ್ತದೆ. ಯಾವುದನ್ನು ಮೊದಲು ಮಲಗಿಸಿದರೂ ಇನ್ನೊಂದು ಬಂದು ಎಬ್ಬಿಸುತ್ತದೆ.

2022ರಲ್ಲಿ ಕರ್ನಲ್ ಡೆವಲಪರ್ ಸ್ಟೀವನ್ ರೋಸ್ಟೆಡ್ ಎತ್ತಿದ ಈ ತಕರಾರಿಗೆ ಥಾಮಸ್ ಗ್ಲೈಕ್ಸ್ನರ್ ರೂಪ ಕೊಟ್ಟ ಉತ್ತರ 'ಟೈಮರ್ ಶಟ್‌ಡೌನ್ ಸಿಂಕ್'. 2023ರಲ್ಲಿ ಲಿನಕ್ಸ್ 6.2ರೊಂದಿಗೆ ಬಂತು. ಅದು ಕಾಯುತ್ತದೆ, ಜೊತೆಗೆ ಟೈಮರಿನ ಫಂಕ್ಷನ್ ಪಾಯಿಂಟರನ್ನೇ ಖಾಲಿ ಮಾಡುತ್ತದೆ. ಆಮೇಲೆ ಯಾರು ಹೂಡಲು ಬಂದರೂ ಕರ್ನಲ್ ಸದ್ದಿಲ್ಲದೆ ಅಲಕ್ಷಿಸುತ್ತದೆ. ಮೊದಲು ಟೈಮರ್ ಮುಚ್ಚು, ಆಮೇಲೆ ಕೆಲಸ ರದ್ದು ಮಾಡು, ಕಟ್ಟಕಡೆಗೆ ಕೆಫ್ರೀ. ಇಷ್ಟು ಸಣ್ಣ ಉಪಾಯಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ನನಗೆ ಇನ್ನೂ ಬೆರಗು.

ಇದಕ್ಕೆ ಆರ್‌ಸಿಯು (ರೀಡ್-ಕಾಪಿ-ಅಪ್‌ಡೇಟ್) ಇದೆಯಲ್ಲ ಎನ್ನುವವರಿದ್ದಾರೆ. ಪಾಲ್ ಮೆಕೆನ್ನಿ ಮತ್ತು ಐಬಿಎಂನ ಬೆಂಗಳೂರು ತಂಡದಲ್ಲಿದ್ದ ದೀಪಂಕರ್ ಸರ್ಮಾ ಅವರ ದುಡಿಮೆಯಿಂದ 2002ರಲ್ಲಿ ಲಿನಕ್ಸ್ ಸೇರಿದ ಆರ್‌ಸಿಯು ನನಗೆ ಬಲು ಇಷ್ಟ; ಓದುತ್ತಿರುವವರೆಲ್ಲ ಹೊರಬೀಳುವ ತನಕ ಅದು ಮೆಮರಿ ಬಿಟ್ಟುಕೊಡದು. ಆದರೆ ಪಟ್ಟಿಯಲ್ಲಿ ಸುಮ್ಮನೆ ಕೂತ ಟೈಮರ್ ಅದರ ಲೆಕ್ಕದಲ್ಲಿ ಓದುವವನೇ ಅಲ್ಲ.

ಭಟ್ಕಳದ ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆ ಡ್ರೈವರ್ ಬರೆಯುವುದಾದರೆ ಕರ್ನಲ್ ಕಟ್ಟುವಾಗ 'ಡೀಬಗ್ ಆಬ್ಜೆಕ್ಟ್ಸ್ ಟೈಮರ್ಸ್', 'ಡೀಬಗ್ ಆಬ್ಜೆಕ್ಟ್ಸ್ ಫ್ರೀ' ಎರಡನ್ನೂ ಹಾಕಿಕೊಳ್ಳಲಿ. ಹೂಡಿದ ಟೈಮರ್ ಇರುವ ಮೆಮರಿಯನ್ನು ಬಿಡುಗಡೆ ಮಾಡಿದ ಕ್ಷಣವೇ ಎಚ್ಚರಿಕೆ ಬೀಳುತ್ತದೆ, ಈ ಬಾರಿ ತಪ್ಪಿತಸ್ಥನ ಹೆಸರಿನೊಂದಿಗೆ.