ಮಾತನಾಡದವರ ಪಾಲು

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ಬೇಡವೆಂದರೂ ಒಳಗೆ ಬಂದು ಕುಳಿತುಬಿಡುವ ಶಕ್ತಿ ಮಾನವನ ಧ್ವನಿಗಿದೆ. ಒಬ್ಬನ ಮುಖವನ್ನು ಕಂಡು ದೂರ ಸರಿಯುವವರು ಕೂಡ ಅವನ ದನಿ ನಡುಗಿದಾಗ ಒಂದು ಕ್ಷಣ ನಿಂತು ಕೇಳುತ್ತಾರೆ. ಪಾಡ್‌ಕಾಸ್ಟ್ ಎಂದು ಕರೆಯಲಾಗುವ ಧ್ವನಿಮಾಲಿಕೆಗಳು ಇಂದು ನಮ್ಮ ಮನೆಗಳ ಮೊಬೈಲುಗಳಲ್ಲಿ ನೆಲೆ ಕಂಡುಕೊಂಡಿರುವುದಕ್ಕೆ ಈ ಶಕ್ತಿಯೇ ಮುಖ್ಯ ಕಾರಣವಿರಬೇಕು. ಆಕಾಶವಾಣಿಯ ಕಾಲದಲ್ಲಿ ಕಾರ್ಯಕ್ರಮಕ್ಕಾಗಿ ಕೇಳುಗರು ಕಾಯುತ್ತಿದ್ದರು. ಇಲ್ಲಿ ಕೇಳುಗರ ಬಿಡುವಿಗಾಗಿ ಕಾರ್ಯಕ್ರಮವೇ ಕಾಯುತ್ತದೆ. ಬಸ್ಸಿನಲ್ಲಿ ನಿಂತವರು, ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿರುವವರು, ರಾತ್ರಿ ನಿದ್ದೆ ಬಾರದವರು, ಎಲ್ಲರೂ ಇದರ ಶ್ರೋತೃಗಳೇ.

ದಯೆ, ನ್ಯಾಯ, ಸಾಮಾಜಿಕ ಹೊಣೆಗಾರಿಕೆ ಇವುಗಳ ಬಗ್ಗೆ ಯುವಜನರೊಂದಿಗೆ ಚಿಂತಿಸಲು ಉಪದೇಶಕ್ಕಿಂತ ಇಂಥ ಸಂಭಾಷಣೆಗಳೇ ಮೇಲೆಂದು ಹಲವು ಶಿಕ್ಷಕರೂ ಧರ್ಮೋಪದೇಶಕರೂ ಹೇಳುತ್ತಾರೆ. ಪ್ರಬೋಧನೆ ಕೇಳುವಾಗ ಆಕಳಿಸುವ ಹುಡುಗನೊಬ್ಬ ಸೆರೆಯಾಳೊಬ್ಬನ ಮಾತನ್ನು ಒಂದು ಗಂಟೆ ಕದಲದೆ ಕೇಳಿದರೆ, ಪ್ರಬೋಧನೆ ಮಾಡುವ ನಾವು ಮುನಿಸಿಕೊಳ್ಳಬೇಕಾಗಿಲ್ಲ. ಆದರೆ ಕೇಳಿದ ಮಾತ್ರಕ್ಕೆ ಹೃದಯ ಮೃದುವಾಗುತ್ತದೆ, ಮೃದುವಾದ ಹೃದಯ ನ್ಯಾಯವನ್ನೇ ಬಯಸುತ್ತದೆ ಎಂಬ ಎಣಿಕೆಯನ್ನು ಪರೀಕ್ಷಿಸಿ ನೋಡಬೇಕು. ಈ ಉದ್ದೇಶಕ್ಕಾಗಿ ಅಮೆರಿಕದ ಮೂರು ಧ್ವನಿಮಾಲಿಕೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಮೂರೂ ಸೆರೆಮನೆಗೆ, ನ್ಯಾಯಾಲಯಕ್ಕೆ ಸಂಬಂಧಿಸಿದವು. ಇಂಗ್ಲಿಷ್ ಬಲ್ಲ ನಮ್ಮ ಕಾಲೇಜು ಮಕ್ಕಳಿಗೆ ಇವು ಸುಲಭವಾಗಿ ದೊರೆಯುತ್ತವೆ.

ಮೊದಲನೆಯದು 2014ರ ಅಕ್ಟೋಬರಿನಲ್ಲಿ ಆರಂಭವಾದ 'ಸೀರಿಯಲ್'. ನಮ್ಮ ಮನೆಗಳಲ್ಲಿ ಸಂಜೆಯಾದೊಡನೆ ಶುರುವಾಗುವ ಧಾರಾವಾಹಿಗಳಿಗೂ ಇದಕ್ಕೂ ಇರುವ ನಂಟು ಹೆಸರಿನದಷ್ಟೇ ಅಲ್ಲ. ಒಂದು ಕಂತಿನ ಕೊನೆಯಲ್ಲಿ ಸಂದೇಹವೊಂದನ್ನು ನೇತುಹಾಕಿ ಮುಂದಿನ ವಾರದವರೆಗೆ ಕಾಯಿಸುವ ಉಪಾಯವೂ ಅದೇ. ಕಥೆ ಮಾತ್ರ ಕಲ್ಪನೆಯದಲ್ಲ. ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಪ್ರದೇಶದಲ್ಲಿ ಹೇ ಮಿನ್ ಲೀ ಎಂಬ ಹದಿನೆಂಟರ ಶಾಲಾ ವಿದ್ಯಾರ್ಥಿನಿ 1999ರ ಜನವರಿ 13ರಂದು ಕಾಣೆಯಾದಳು. ಮುಂದಿನ ತಿಂಗಳು ಆಕೆಯ ಶವ ಲೀಕಿನ್ ಪಾರ್ಕಿನಲ್ಲಿ ಸಿಕ್ಕಿತು. ಆಕೆಯ ಹಿಂದಿನ ಗೆಳೆಯ, ಆಗ ಹದಿನೇಳರವನಾಗಿದ್ದ ಅದ್ನಾನ್ ಸೈಯದ್‌ನಿಗೆ 2000ದಲ್ಲಿ ಜೀವಾವಧಿ ಶಿಕ್ಷೆಯಾಯಿತು. ಸಾರಾ ಕೇನಿಗ್ ಎಂಬ ಪತ್ರಕರ್ತೆ ಸೆರೆಯಲ್ಲಿದ್ದ ಅವನೊಂದಿಗೆ ಫೋನಿನಲ್ಲಿ ಗಂಟೆಗಟ್ಟಲೆ ಮಾತನಾಡಿ, ಆ ಮಾತುಗಳ ಸುತ್ತ ಹನ್ನೆರಡು ಕಂತುಗಳನ್ನು ಹೆಣೆದರು. ಜನ ಅದನ್ನು ಮುಗಿಬಿದ್ದು ಕೇಳಿದರು. ಪೀಬಾಡಿ ಪ್ರಶಸ್ತಿಯನ್ನು ಪಡೆದ ಮೊದಲ ಪಾಡ್‌ಕಾಸ್ಟ್ ಎಂಬ ಗೌರವವೂ ಅದಕ್ಕೆ ಸಂದಿತು.

ಕೇನಿಗ್ ಅವರ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ತಮ್ಮ ಅನುಮಾನಗಳನ್ನು ಅವರು ಬಚ್ಚಿಡುವುದಿಲ್ಲ. ಇಂದು ನಂಬಿದ್ದನ್ನು ಮುಂದಿನ ವಾರ ತಾವೇ ಪ್ರಶ್ನಿಸುತ್ತಾರೆ. ಕೊನೆಯ ಕಂತಿನಲ್ಲಿ, ತಾವು ಜ್ಯೂರಿಯಲ್ಲಿ ಇದ್ದಿದ್ದರೆ ಸಾಕ್ಷ್ಯ ಸಾಲದೆಂದು ಬಿಡುಗಡೆಯನ್ನೇ ಹೇಳಬೇಕಾಗುತ್ತಿತ್ತು, ಆದರೆ ಮನಸ್ಸಿನ ಸಂಶಯ ಮಾತ್ರ ತೀರಿಲ್ಲ ಎಂಬರ್ಥದ ಮಾತಿನಿಂದ ಮುಗಿಸುತ್ತಾರೆ. ತೀರ್ಪನ್ನು ಕೈಯಲ್ಲೇ ಹಿಡಿದುಕೊಂಡು ಬರುವ ನಮ್ಮ ಟಿವಿ ಚರ್ಚೆಗಳ ನಡುವೆ ಇಂಥ ಅನಿಶ್ಚಯವನ್ನು ಕೇಳುವುದೇ ಒಂದು ಶಿಕ್ಷಣ.

ಆದರೂ ಹನ್ನೆರಡು ಕಂತುಗಳನ್ನು ಕೇಳಿ ಮುಗಿಸಿದವರ ಕಿವಿಯಲ್ಲಿ ಉಳಿಯುವುದು ಯಾರ ದನಿ? ಅದ್ನಾನನದು. ಮೆಲುವಾದ, ವಿನಯದ, ಆಗಾಗ ನಗುವ ದನಿ. ಇಂಥವನು ಕೊಲೆ ಮಾಡಿರಲು ಸಾಧ್ಯವೇ ಎಂದು ಕೇಳುಗರು ತಮ್ಮನ್ನು ತಾವೇ ಕೇಳಿಕೊಳ್ಳುತ್ತಾರೆ. ಆತನ ವಿರುದ್ಧ ಸಾಕ್ಷಿ ನುಡಿದ ಪ್ರಮುಖ ವ್ಯಕ್ತಿ ಧ್ವನಿಮುದ್ರಣಕ್ಕೆ ಒಪ್ಪಲಿಲ್ಲ. ಹಾಗಾಗಿ ಆತನ ಮಾತು ಪೊಲೀಸರ ವಿಚಾರಣೆಯ ಮತ್ತು ನ್ಯಾಯಾಲಯದ ಹಳೆಯ ಮುದ್ರಿಕೆಗಳಲ್ಲಿ ಒರಟಾಗಿ ಕೇಳಿಬರುತ್ತದೆ. ಮಗಳನ್ನು ಕಳೆದುಕೊಂಡ ಕುಟುಂಬ ಮಾತನಾಡಲಿಲ್ಲ. ಹೇ ಮಿನ್ ಲೀಯ ಮನಸ್ಸು ನಮಗೆ ಸಿಗುವುದು ಆಕೆಯ ದಿನಚರಿಯ ಪುಟಗಳಲ್ಲಿ. ಅದನ್ನೂ ಮತ್ತೊಬ್ಬರು ಓದಿ ಹೇಳಬೇಕು. ಹೀಗೆ ಮೈಕಿನ ಎದುರು ಇದ್ದವನು ದಿನದಿಂದ ದಿನಕ್ಕೆ ಮನುಷ್ಯನಾಗುತ್ತ ಹೋದರೆ, ಸತ್ತವಳು ಒಗಟಿನ ಒಂದು ಭಾಗವಾಗುತ್ತ ಹೋದಳು. ಕೇಳುಗರಲ್ಲಿ ಅನೇಕರು ಪತ್ತೇದಾರರಾಗಿ, ಆ ದಿನ ಯಾರು ಎಷ್ಟು ಗಂಟೆಗೆ ಎಲ್ಲಿದ್ದರೆಂದು ನಿಮಿಷಗಳ ಲೆಕ್ಕ ಹಾಕಲು ಕುಳಿತರು.

ಇದನ್ನು ದಯೆ ಎನ್ನೋಣವೇ? ದಯೆಯೇ, ಸುಳ್ಳಲ್ಲ. ಆದರೆ ಅದು ಕಿವಿಗೆ ಬಿದ್ದವನ ಮೇಲೆ ಮಾತ್ರ ಹರಿಯುವ ದಯೆ. ಪಾಪನಿವೇದನೆಯ ಪೀಠದಲ್ಲಿ ಕುಳಿತ ಗುರುವಿಗೂ ಒಬ್ಬರ ಮಾತಷ್ಟೇ ಕೇಳಿಸುತ್ತದೆ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಅಲ್ಲಿಗೆ ಬಂದವರು ಹೇಳಿಕೊಳ್ಳುವುದು ತಮ್ಮದೇ ತಪ್ಪನ್ನು. ಕ್ಷಮೆ ಬೇಡುವುದು ತಮಗಾಗಿ. ಇಬ್ಬರ ನಡುವಿನ ವ್ಯಾಜ್ಯವನ್ನು ತೀರಿಸುವ ಸ್ಥಳ ಅದಲ್ಲ. ವ್ಯಾಜ್ಯಕ್ಕೆ ಬೇರೆ ನಿಯಮ. ಗುರುಮಠದಲ್ಲಿ ಲ್ಯಾಟಿನ್ ಕಲಿತವರಿಗೆ 'ಆಡಿ ಆಲ್ಟೆರಾಮ್ ಪಾರ್ಟೆಮ್' ಎಂಬ ಸೂತ್ರ ನೆನಪಿರುತ್ತದೆ: ಎದುರು ಪಕ್ಷವನ್ನೂ ಆಲಿಸು. ಲ್ಯಾಟಿನ್ ಅರಿಯದ ನಮ್ಮ ಹಳ್ಳಿಯ ನ್ಯಾಯಕಟ್ಟೆಯ ಹಿರಿಯರೂ ಇದನ್ನು ಬಲ್ಲವರಾಗಿದ್ದರು. ಒಬ್ಬ ಬಂದು ದೂರಿಕೊಂಡರೆ, 'ಅವನನ್ನೂ ಕರೆಸಿ' ಎನ್ನದೆ ಅವರು ಮುಂದಕ್ಕೆ ಹೋಗುತ್ತಿರಲಿಲ್ಲ.

ಈ ಸೂತ್ರ ಎಷ್ಟು ಜೀವಂತವಾದುದೆಂಬುದನ್ನು ಮುಂದಿನ ಘಟನೆಗಳು ತೋರಿಸಿದವು. 2022ರ ಸೆಪ್ಟೆಂಬರಿನಲ್ಲಿ ಬಾಲ್ಟಿಮೋರಿನ ನ್ಯಾಯಾಲಯ ಅದ್ನಾನನ ಅಪರಾಧ ನಿರ್ಣಯವನ್ನು ರದ್ದುಗೊಳಿಸಿ ಅವನನ್ನು ಬಿಡುಗಡೆ ಮಾಡಿತು. ಆ ವಿಚಾರಣೆಯ ಸುದ್ದಿ ಹೇ ಮಿನ್ ಲೀಯ ಕುಟುಂಬಕ್ಕೆ ತಲುಪಿದ್ದು ತೀರ ತಡವಾಗಿ. ಬೇರೆ ರಾಜ್ಯದಲ್ಲಿದ್ದ ಸಹೋದರ ಪರದೆಯ ಮೂಲಕವೇ ಮಾತನಾಡಬೇಕಾಯಿತು. ನಿಮಗಿದು ಪಾಡ್‌ಕಾಸ್ಟ್ ಇರಬಹುದು, ನನಗಿದು ನಿಜವಾದ ಬದುಕು ಎಂಬರ್ಥದ ನೋವಿನ ಮಾತನ್ನು ಆತ ಅಂದು ನ್ಯಾಯಾಲಯಕ್ಕೆ ಹೇಳಿದ. ಕುಟುಂಬಕ್ಕೆ ಸಾಕಷ್ಟು ಮುನ್ಸೂಚನೆ ಕೊಡಲಿಲ್ಲವೆಂಬ ಕಾರಣಕ್ಕೆ 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಹಿಂದಿನ ನಿರ್ಣಯವನ್ನು ಮತ್ತೆ ಊರ್ಜಿತಗೊಳಿಸಿತು. 2024ರ ಆಗಸ್ಟಿನಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ನಾಲ್ಕಕ್ಕೆ ಮೂರು ಮತಗಳಿಂದ ಅದನ್ನೇ ಎತ್ತಿಹಿಡಿಯಿತು. 2025ರ ಮಾರ್ಚಿನಲ್ಲಿ ನ್ಯಾಯಾಧೀಶರೊಬ್ಬರು ಶಿಕ್ಷೆಯನ್ನು ಆತ ಈಗಾಗಲೇ ಅನುಭವಿಸಿದಷ್ಟಕ್ಕೆ ಇಳಿಸಿದರು. ಆತ ಸೆರೆಯಿಂದ ಹೊರಗಿದ್ದಾನೆ. ಅಪರಾಧ ನಿರ್ಣಯ ಹಾಗೆಯೇ ಉಳಿದಿದೆ. ಆತ ತಪ್ಪಿತಸ್ಥನೋ ಅಲ್ಲವೋ ಎಂಬುದನ್ನು ನಿರ್ಧರಿಸುವುದು ಈ ಲೇಖನದ ಕೆಲಸವಲ್ಲ. ಕೋಟ್ಯಂತರ ಕಿವಿಗಳು ಕೇಳದೆ ಬಿಟ್ಟ ದನಿಯೊಂದನ್ನು ನ್ಯಾಯಾಲಯ ಹುಡುಕಿಕೊಂಡು ಹೋಗಬೇಕಾಯಿತಲ್ಲ, ಅದು ಗಮನಿಸಬೇಕಾದುದು.

ಎರಡನೆಯದು 2017ರ ಜೂನ್‌ನಲ್ಲಿ ಆರಂಭವಾದ 'ಇಯರ್ ಹಸಲ್'. ಕದ್ದು ಕೇಳುವುದಕ್ಕೆ ಸೆರೆಮನೆಯ ಆಡುಮಾತಿನಲ್ಲಿರುವ ಹೆಸರು ಅದು. ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಸೆರೆಮನೆಗೆ ಛಾಯಾಚಿತ್ರದ ಇತಿಹಾಸವನ್ನು ಕಲಿಸಲು ಹೋಗಿದ್ದ ನೈಜೆಲ್ ಪೂರ್ ಎಂಬ ಕಲಾವಿದೆ, ಅಲ್ಲಿಯ ಕೈದಿಗಳಾದ ಅರ್ಲಾನ್ ವುಡ್ಸ್ ಮತ್ತು ಆಂಟ್ವಾನ್ ವಿಲಿಯಮ್ಸ್ ಅವರೊಂದಿಗೆ ಸೇರಿ ಸೆರೆಮನೆಯೊಳಗೇ ಇದನ್ನು ತಯಾರಿಸತೊಡಗಿದರು. ವುಡ್ಸ್ ದರೋಡೆಯ ಯತ್ನವೊಂದಕ್ಕಾಗಿ, ಮೂರನೆಯ ಅಪರಾಧಕ್ಕೆ ಶಿಕ್ಷೆಯನ್ನು ಹಲವು ಪಟ್ಟು ಹೆಚ್ಚಿಸುವ ಅಲ್ಲಿನ ಕಾನೂನಿನಂತೆ, ಕನಿಷ್ಠ 31 ವರ್ಷಗಳ ಜೀವಾವಧಿ ಶಿಕ್ಷೆಗೆ ಗುರಿಯಾಗಿದ್ದವರು. 2018ರ ನವೆಂಬರಿನಲ್ಲಿ ರಾಜ್ಯಪಾಲರು ಶಿಕ್ಷೆಯನ್ನು ಕಡಿತಗೊಳಿಸಿ ಅವರನ್ನು ಬಿಡುಗಡೆ ಮಾಡಿದರು. ಹೊರಬಂದ ಮೇಲೂ ಅವರು ಇದೇ ಕೆಲಸದಲ್ಲಿ ಮುಂದುವರಿದರು.

ಇಲ್ಲಿ ಒಗಟಿಲ್ಲ, ಪತ್ತೇದಾರಿಯಿಲ್ಲ. ಮೊದಲ ಕಂತಿನ ವಿಷಯ ಇಷ್ಟೇ: ಕೈಚಾಚಿದರೆ ಎರಡೂ ಗೋಡೆ ಮುಟ್ಟುವ ಕೋಣೆಯಲ್ಲಿ ಮತ್ತೊಬ್ಬನೊಡನೆ ಬಾಳುವುದು ಹೇಗೆ? ಒಂದೇ ಕೋಣೆಯಲ್ಲಿ ಕೂಡಿ ಬಾಳಲು ಹೊರಟ ಅಣ್ಣತಮ್ಮಂದಿರಿಬ್ಬರು ಅಲ್ಲಿ ಮಾತನಾಡುತ್ತಾರೆ. ಒಂದೇ ತಾಯಿಯ ಮಕ್ಕಳಾದರೂ ಹೊಂದಿಕೊಳ್ಳುವುದು ಎಷ್ಟು ಕಷ್ಟವೆಂದು ಕೇಳುವಾಗ, ಪಾಲುಪಟ್ಟಿಯ ಜಗಳಗಳನ್ನು ಕಂಡಿರುವ ನಮ್ಮ ಕುಟುಂಬಗಳಿಗೆ ನಗುವೂ ಬರುತ್ತದೆ, ಮನಸ್ಸೂ ಚುಚ್ಚುತ್ತದೆ. ಇನ್ನೊಂದು ಕಂತಿನಲ್ಲಿ ಸಣ್ಣಪುಟ್ಟ ಜೀವಿಗಳನ್ನು ಹುಡುಕಿ ಸಾಕುವ ಕೈದಿಯೊಬ್ಬನಿದ್ದಾನೆ. ಕನಿಕರ ಬೇಡುವ ಧಾಟಿ ಎಲ್ಲಿಯೂ ಇಲ್ಲ. ಕೈದಿಯನ್ನು ಕೈದಿಯೇ ಪ್ರಶ್ನಿಸುವುದರಿಂದ ನೆಪಗಳು ಬಹುಬೇಗ ಬಯಲಾಗುತ್ತವೆ. ದಯೆಯನ್ನು ಕಲಿಸುವ ವಿಷಯದಲ್ಲಿ ಈ ಮೂರರಲ್ಲಿ ಇದಕ್ಕೇ ನನ್ನ ಮೊದಲ ಮಣೆ.

ಕೊರತೆ ಇಲ್ಲವೇ? ಇದೆ. ಪ್ರತಿ ಕಂತನ್ನೂ ಸೆರೆಮನೆಯ ಅಧಿಕಾರಿಯೊಬ್ಬರು ಕೇಳಿ ಒಪ್ಪಿಗೆ ಕೊಡಬೇಕಿತ್ತು. ಆ ಒಪ್ಪಿಗೆಯ ಮಾತೂ ಕಂತಿನ ಕೊನೆಗೆ ಕೇಳಿಬರುತ್ತಿತ್ತು. ಮುಚ್ಚುಮರೆಯಿಲ್ಲದ ಈ ಏರ್ಪಾಡು ಮೆಚ್ಚತಕ್ಕದ್ದಾದರೂ, ಒಪ್ಪಿಗೆ ಬೇಕೆಂಬ ಅರಿವಿನಿಂದಲೇ ಯಾವ ಮಾತುಗಳು ಗಂಟಲಲ್ಲೇ ಉಳಿದವೋ ಹೇಳಬಲ್ಲವರು ಯಾರು? ಅದಕ್ಕಿಂತ ಮುಖ್ಯವಾಗಿ, ಕೈದಿಯ ಕೈಯಿಂದ ನೊಂದವರು ಆ ಕೋಣೆಯಲ್ಲಿ ಹೆಚ್ಚಾಗಿ ಇರುವುದಿಲ್ಲ. 2018ರ ಒಂದು ಕಂತು ಇದಕ್ಕೆ ಅಪವಾದ. ಬಾಲ್ಯದಲ್ಲೇ ಮೈಮಾರಾಟದ ಜಾಲಕ್ಕೆ ಸಿಲುಕಿದ್ದ ಮಹಿಳೆಯೊಬ್ಬಳು, ಅಂಥದೇ ದಂಧೆಯನ್ನು ನಡೆಸಿದ್ದ ಕೈದಿಯೊಬ್ಬನ ಎದುರು ಕುಳಿತು ಮಾತನಾಡುತ್ತಾಳೆ. ಆಕೆಯನ್ನು ಹಿಂಸಿಸಿದವನು ಇವನಲ್ಲ. ಇವನು ಹಿಂಸಿಸಿದವಳು ಆಕೆಯಲ್ಲ. ಹಾಗಿದ್ದರೂ ಆಕೆಯ ಎದುರು ಮಾತನಾಡುವಾಗ ಅವನ ಒಂದೊಂದು ಮಾತಿಗೂ ತೂಕ ಬಂದುಬಿಡುತ್ತದೆ. ಇಬ್ಬರ ಕಿವಿಯೂ ಒಂದೇ ಕೋಣೆಯಲ್ಲಿದ್ದರೆ ಮಾತಿನ ಸ್ವರೂಪವೇ ಬದಲಾಗುತ್ತದೆ. ಇದು ಮಕ್ಕಳ ಕಿವಿಗೆ ಹಾಕುವ ಕಂತಲ್ಲ ಎಂಬುದನ್ನು ತಂದೆತಾಯಂದಿರು ಗಮನಿಸಬೇಕು.

ಮೂರನೆಯದಾದ 'ಇನ್ ದ ಡಾರ್ಕ್' ಮಾಲಿಕೆಯ ಎರಡನೆಯ ಸರಣಿ 2018ರಲ್ಲಿ ಬಂತು. ಮಿಸಿಸಿಪ್ಪಿ ರಾಜ್ಯದ ವಿನೋನಾ ಎಂಬ ಸಣ್ಣ ಊರಿನ ಪೀಠೋಪಕರಣದ ಅಂಗಡಿಯೊಂದರಲ್ಲಿ 1996ರ ಜುಲೈ 16ರಂದು ನಾಲ್ವರು ಕೊಲೆಯಾದರು. ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪುವರ್ಣೀಯನನ್ನು ಇದೇ ಅಪರಾಧಕ್ಕಾಗಿ ಒಂದಲ್ಲ, ಎರಡಲ್ಲ, ಆರು ಸಲ ವಿಚಾರಣೆಗೆ ಗುರಿಪಡಿಸಲಾಯಿತು. ಆರು ಸಲವೂ ಸರ್ಕಾರಿ ವಕೀಲ ಒಬ್ಬನೇ. ಪತ್ರಕರ್ತೆ ಮೆಡಲಿನ್ ಬರನ್ ಮತ್ತು ಅವರ ತಂಡ ಸುಮಾರು ಒಂದು ವರ್ಷ ಅಲ್ಲಿಯೇ ನೆಲೆಸಿ, ಊರವರ ಮನೆಬಾಗಿಲುಗಳನ್ನು ತಟ್ಟಿದರು. ಫ್ಲವರ್ಸ್ ತಪ್ಪೊಪ್ಪಿಕೊಂಡನೆಂದು ಸಾಕ್ಷಿ ನುಡಿದಿದ್ದ ಸೆರೆಯಾಳು, ತಾನು ಹೇಳಿದ್ದು ಸುಳ್ಳೆಂದು ಇವರೊಡನೆ ಫೋನಿನಲ್ಲಿ ಒಪ್ಪಿಕೊಂಡ. ಆದರೆ ಕಥೆಯ ಕೇಂದ್ರದಲ್ಲಿರುವ ಫ್ಲವರ್ಸ್ ಮಾತ್ರ ಆ ಕಂತುಗಳಲ್ಲಿ ಇವರೊಡನೆ ಸಂದರ್ಶನಕ್ಕೆ ಸಿಗಲಿಲ್ಲ. ನಮ್ಮನ್ನು ಒಲಿಸಿಕೊಳ್ಳಲು ಅಲ್ಲಿ ಸವಿಯಾದ ದನಿಯಿಲ್ಲ. ನ್ಯಾಯಾಲಯದ ಧೂಳು ಹಿಡಿದ ಕಡತಗಳಿವೆ. ಆ ವಕೀಲನ ಕಚೇರಿ 1992ರಿಂದ 2017ರವರೆಗೆ ನಡೆಸಿದ ಮೊಕದ್ದಮೆಗಳ ದಾಖಲೆಗಳನ್ನು ತಂಡ ಕೂಡಿಸಿ ಲೆಕ್ಕ ಮಾಡಿತು: ಬಿಳಿಯರಿಗೆ ಹೋಲಿಸಿದರೆ ಸುಮಾರು ನಾಲ್ಕೂವರೆ ಪಟ್ಟು ಪ್ರಮಾಣದಲ್ಲಿ ಕಪ್ಪುವರ್ಣೀಯರನ್ನು ಜ್ಯೂರಿಯಿಂದ ಹೊರಗಿಡಲಾಗಿತ್ತು.

2019ರ ಜೂನ್ 21ರಂದು ಅಮೆರಿಕದ ಸುಪ್ರೀಂ ಕೋರ್ಟು ಏಳಕ್ಕೆ ಎರಡು ಮತಗಳಿಂದ ಫ್ಲವರ್ಸ್‌ನ ಶಿಕ್ಷೆಯನ್ನು ರದ್ದುಗೊಳಿಸಿತು. ಆರು ವಿಚಾರಣೆಗಳಲ್ಲಿ ತಾನು ತಿರಸ್ಕರಿಸಬಹುದಾಗಿದ್ದ 42 ಮಂದಿ ಕಪ್ಪುವರ್ಣೀಯರಲ್ಲಿ 41 ಮಂದಿಯನ್ನು ಸರ್ಕಾರಿ ಪಕ್ಷ ತಿರಸ್ಕರಿಸಿತ್ತೆಂದು ತೀರ್ಪು ದಾಖಲಿಸಿತು. 2020ರ ಸೆಪ್ಟೆಂಬರಿನಲ್ಲಿ ಮೊಕದ್ದಮೆಯನ್ನೇ ಕೈಬಿಡಲಾಯಿತು. ಅಷ್ಟರಲ್ಲಿ ಆತ ಸುಮಾರು 23 ವರ್ಷ ಸೆರೆಯಲ್ಲಿ ಕಳೆದಿದ್ದ. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ನಮ್ಮ ಗಾದೆ ಕಣ್ಣಿಗೆ ಹೇಳಿದ್ದನ್ನು ಈ ತಂಡ ಕಿವಿಗೂ ಅನ್ವಯಿಸಿತು. ನ್ಯಾಯದ ವಿಷಯದಲ್ಲಿ ನಾನು ಇದನ್ನು 'ಸೀರಿಯಲ್'ಗಿಂತ ಎತ್ತರದಲ್ಲಿ ಇಡುತ್ತೇನೆ. ಕೇಳಲು ಮಾತ್ರ ಇದು ಅಷ್ಟು ರಂಜಕವಲ್ಲ, ಹೆಸರುಗಳ ಮತ್ತು ಅಂಕಿಗಳ ದಟ್ಟಣೆಯಲ್ಲಿ ಕೇಳುಗರು ದಾರಿ ತಪ್ಪುವುದುಂಟು. ಇಲ್ಲಿಯೂ ಕೊಲೆಯಾದ ನಾಲ್ವರು ಕ್ರಮೇಣ ಹಿನ್ನೆಲೆಗೆ ಸರಿಯುತ್ತಾರೆ. ಅವರಲ್ಲಿ ಒಬ್ಬನಿಗೆ ಕೇವಲ ಹದಿನಾರು ವರ್ಷ.

ನಮ್ಮ ಧರ್ಮಕೇಂದ್ರಗಳ ಯುವಕೂಟಗಳಲ್ಲಿ, ಹತ್ತನೆಯ ತರಗತಿ ದಾಟಿದ ಮಕ್ಕಳ ಧರ್ಮೋಪದೇಶದಲ್ಲಿ ಇವುಗಳನ್ನು ಬಳಸಬಯಸುವವರಿಗೆ ಒಂದು ಮಾತು. ಕಂತನ್ನು ಪೂರ್ತಿ ಕೇಳಿಸಿ ಕೂಡಲೇ 'ನಿಮಗೆ ಏನನ್ನಿಸಿತು?' ಎಂದು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ: 'ಪಾಪ ಅನ್ನಿಸಿತು, ಫಾದರ್.' ಇಪ್ಪತ್ತು ನಿಮಿಷವಾದ ಮೇಲೆ ನಿಲ್ಲಿಸಿ, ಇದುವರೆಗೆ ಯಾರು ಮಾತನಾಡಿದರು, ಯಾರ ಬಗ್ಗೆ ಮಾತನಾಡಲಾಯಿತು ಎಂದು ಹಲಗೆಯ ಮೇಲೆ ಎರಡು ಸಾಲು ಬರೆಯಿಸಿ. ಎರಡನೆಯ ಸಾಲಿನಲ್ಲಿದ್ದು ಮೊದಲನೆಯದರಲ್ಲಿ ಇಲ್ಲದವರನ್ನು ಗುರುತಿಸಲು ಹೇಳಿ. ಅವರು ಬಂದಿದ್ದರೆ ಏನು ಹೇಳುತ್ತಿದ್ದರೆಂದು ಊಹಿಸಿ ಹೇಳುವ ಆಟ ಮಾತ್ರ ಬೇಡ. ಇನ್ನೊಬ್ಬರ ದುಃಖಕ್ಕೆ ನಾವು ಸಂಭಾಷಣೆ ಬರೆಯುವುದು ಸಲ್ಲದು. ಅವರು ಏಕೆ ಬರಲಿಲ್ಲ, ಬರಲು ಯಾವ ಅಡ್ಡಿಯಿತ್ತು, ಅವರ ಬಗ್ಗೆ ನಮಗೆ ಖಚಿತವಾಗಿ ಏನು ಗೊತ್ತಿದೆ ಎಂಬಷ್ಟನ್ನು ಹುಡುಕಿಸಿದರೆ ಸಾಕು.

'ಸೀರಿಯಲ್'ನ ಮೊದಲ ಕಂತಿಗೆ ಹೀಗೆ ಮಾಡಿದರೆ ಹಲಗೆಯ ಮೇಲೆ ಮೊದಲು ಬರಬೇಕಾದ ಹೆಸರು ಹೇ ಮಿನ್ ಲೀ. ಆಕೆಯ ಬಗ್ಗೆ ಖಚಿತವಾಗಿ ಗೊತ್ತಿರುವುದು ಅಷ್ಟೇನೂ ಕಡಿಮೆಯಲ್ಲ. ದಕ್ಷಿಣ ಕೊರಿಯಾದಲ್ಲಿ ಹುಟ್ಟಿದವಳು. ವುಡ್‌ಲಾನ್ ಪ್ರೌಢಶಾಲೆಯಲ್ಲಿ ಓದುತ್ತಿದ್ದಳು, ಹಾಕಿ ಮತ್ತು ಲಕ್ರಾಸ್ ಆಡುತ್ತಿದ್ದಳು, ದಿನಚರಿ ಬರೆಯುತ್ತಿದ್ದಳು. ಕಾಣೆಯಾದ ದಿನ ಶಾಲೆ ಬಿಟ್ಟ ಮೇಲೆ ಪುಟ್ಟ ನೆಂಟಳೊಬ್ಬಳನ್ನು ಕರೆದುಕೊಂಡು ಬರಲು ಹೊರಟಿದ್ದಳು. ಆ ಮಗು ಕಾಯುತ್ತಲೇ ಇತ್ತು.