ಚೌಕಿಯಿಲ್ಲದ ರಂಗ: ಬಹುಜನ ಪಾತ್ರಾಭಿನಯದ ಕಂಪ್ಯೂಟರ್ ಆಟಗಳಲ್ಲಿ ಪ್ರತಿನಾಯಕ

ಪ್ರತಿನಾಯಕನ ಪ್ರಶ್ನೆ ಕನ್ನಡ ಕಾವ್ಯಮೀಮಾಂಸೆಗೆ ಹೊಸದಲ್ಲ. ಶತ್ರುವಿನ ಕುಲ, ಶೌರ್ಯ, ವಿದ್ಯೆಗಳನ್ನೂ ವರ್ಣಿಸಿ, ಅಂಥವನನ್ನು ಗೆದ್ದುದರ ಮೂಲಕ ನಾಯಕನ ಉತ್ಕರ್ಷವನ್ನು ಹೇಳುವ ಮಾರ್ಗವೂ ಸೊಗಸಾದುದೇ ಎಂದು ದಂಡಿ ಕಾವ್ಯಾದರ್ಶದಲ್ಲಿ ಒಪ್ಪಿದ್ದಾನೆ. ಆ ಗ್ರಂಥಕ್ಕೆ ಬಹುವಾಗಿ ಋಣಿಯಾದ ಕವಿರಾಜಮಾರ್ಗದಿಂದಲೇ ನಮ್ಮ ಲಕ್ಷಣಚರ್ಚೆ ಆರಂಭವಾಗುತ್ತದೆ. ರನ್ನನಲ್ಲಿ ಈ ಸೂತ್ರ ಕವಿಯ ಲೆಕ್ಕಾಚಾರವನ್ನೂ ಮೀರಿ ಬೆಳೆಯಿತು. ಆಶ್ರಯದಾತನನ್ನು ಭೀಮನೊಡನೆ ಸಮೀಕರಿಸಿ ಬರೆದ ಗದಾಯುದ್ಧದಲ್ಲಿ ಓದುಗನ ಮನಸ್ಸನ್ನು ತುಂಬಿಕೊಂಡವನು ದುರ್ಯೋಧನ, ಬಿ.ಎಂ. ಶ್ರೀಕಂಠಯ್ಯನವರು ಅದೇ ಕಾವ್ಯವನ್ನು ನಾಟಕವಾಗಿ ಅಳವಡಿಸುವಾಗ ಅವನನ್ನು ದುರಂತನಾಯಕನಾಗಿ ಕಂಡರು. ಈ ಪರಂಪರೆಯ ಬಗ್ಗೆ ಎಷ್ಟು ವಾಗ್ವಾದಗಳು ನಡೆದಿದ್ದರೂ ಒಂದು ಸಂಗತಿಯನ್ನು ಯಾರೂ ಎತ್ತಿಲ್ಲ, ಎತ್ತಬೇಕಾದ ಅಗತ್ಯವೂ ಬಂದಿಲ್ಲ: ದುರ್ಯೋಧನ ಓದುಗನ ಮನೆಗೆ ಕನ್ನ ಹಾಕುವುದಿಲ್ಲ. ಅವನ ಕೇಡು ಕಾವ್ಯದೊಳಗೆ ಹುಟ್ಟಿ ಕಾವ್ಯದೊಳಗೇ ಮುಗಿಯುತ್ತದೆ. ಆ ಕೇಡನ್ನು ನಾವು ಸವಿಯಬಲ್ಲೆವಾದರೆ, ಅದಕ್ಕೆ ಕಾರಣ ನಷ್ಟ ನಮ್ಮದಲ್ಲವೆಂಬುದೇ ಆಗಿದೆ.

ಈ ಭರವಸೆಯನ್ನೇ ಕೊಡದ ಆಖ್ಯಾನಪ್ರಕಾರವೊಂದು ಕಳೆದ ನಾಲ್ಕೂವರೆ ದಶಕಗಳಲ್ಲಿ ಬೆಳೆದು ನಿಂತಿದೆ. ಬೇರೆ ಬೇರೆ ಊರುಗಳಲ್ಲಿ ಕುಳಿತ ಸಾವಿರಾರು ಮಂದಿ, ಕಂಪ್ಯೂಟರ್ ಜಾಲದ ಮೂಲಕ ಒಂದೇ ಕಲ್ಪಿತ ಲೋಕವನ್ನು ಹೊಕ್ಕು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ಧರಿಸಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅದರಲ್ಲಿ ಬಾಳುವ ಆಟ ಇದು. ಇಲ್ಲಿ ಪ್ರೇಕ್ಷಾಗೃಹವಿಲ್ಲ, ಬಂದವರೆಲ್ಲರೂ ರಂಗದ ಮೇಲೆಯೇ ಇರುತ್ತಾರೆ. ಇಂಥ ರಂಗದಲ್ಲಿ ಖಳನಾಗುವುದೆಂದರೇನು, ಅವನ ಕೇಡನ್ನು ಸವಿಯುವವರು ಯಾರು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ. ಆಟಗಳನ್ನು ಸಾಹಿತ್ಯವಿಮರ್ಶೆಯ ಕಕ್ಷೆಗೆ ತರಬಹುದೇ ಎಂಬ ಪೂರ್ವಪಕ್ಷಕ್ಕೆ ಇಲ್ಲಿ ಉತ್ತರ ಬರೆಯುತ್ತ ಕೂರುವುದಿಲ್ಲ. ಪಾತ್ರ, ಮಾತು, ವೇಷ, ಕಥೆ ಇರುವೆಡೆ ವಿಮರ್ಶೆಗೆ ಪ್ರವೇಶವಿದೆ.

ಈ ಪ್ರಕಾರದ ಮೂಲದಲ್ಲಿ ಖಳನ ಸ್ಥಾನ ನಿಸ್ಸಂದಿಗ್ಧವಾಗಿತ್ತು. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಆಟದಲ್ಲಿ ಒಬ್ಬ ಸೂತ್ರಧಾರನಿರುತ್ತಾನೆ. ದೈತ್ಯ, ಮಾಂತ್ರಿಕ, ವಂಚಕ ಇತ್ಯಾದಿ ಎಲ್ಲ ದುಷ್ಟರ ಪಾತ್ರಗಳೂ ಅವನವೇ. ಎದುರಿಗೆ ಕುಳಿತ ನಾಲ್ಕೈದು ಮಂದಿ ಗೆಳೆಯರು ಗೆಲ್ಲಲೆಂದೇ, ಆದರೆ ಸುಲಭವಾಗಿ ಗೆಲ್ಲದಿರಲೆಂದು ಅವನು ಕೇಡನ್ನು ಹೆಣೆಯುತ್ತಾನೆ. ಖಳತ್ವ ಇಲ್ಲಿ ಒಂದು ಬಗೆಯ ಆತಿಥ್ಯ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ರಚಿಸಿದ ಮಡ್ ಎಂಬ ಅಕ್ಷರಮಾತ್ರದ ಆಟದೊಡನೆ ಪರಿಸ್ಥಿತಿ ಬದಲಾಯಿತು. ಸೂತ್ರಧಾರನ ಜಾಗಕ್ಕೆ ಯಂತ್ರ ಬಂದಿತು, ಯಂತ್ರ ಆತಿಥ್ಯವನ್ನರಿಯದು. ಇದೇ ಬಾರ್ಟಲ್ 1996ರ ಪ್ರಬಂಧವೊಂದರಲ್ಲಿ ಆಟಗಾರರನ್ನು ಸಾಧಕರು, ಅನ್ವೇಷಕರು, ಸಂಗಪ್ರಿಯರು, ಘಾತಕರು ಎಂದು ನಾಲ್ಕಾಗಿ ವಿಂಗಡಿಸಿದರು. ಆ ವಿಂಗಡಣೆಯನ್ನು ಇಂದಿಗೂ ಮಂತ್ರದಂತೆ ಜಪಿಸುವವರಿದ್ದಾರೆ. ಆದರೆ ಘಾತಕ ಎಂಬುದು ಆಟಗಾರನ ಸ್ವಭಾವದ ಹೆಸರೇ ಹೊರತು ಪಾತ್ರದ ಹೆಸರಲ್ಲ. ಖಳನ ಪಾತ್ರ ಧರಿಸಿದವನನ್ನೂ ಪಾತ್ರದ ಹಂಗಿಲ್ಲದೆ ಪೀಡಿಸುವವನನ್ನೂ ಈ ವಿಂಗಡಣೆ ಒಂದೇ ಗೂಟಕ್ಕೆ ಕಟ್ಟುತ್ತದೆ.

ಯಂತ್ರವೇ ನಡೆಸುವ ಖಳರ ವಿಚಾರವನ್ನು ಬೇಗ ಮುಗಿಸಬಹುದು. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಅತ್ಯಂತ ಪ್ರಸಿದ್ಧ ಪ್ರತಿನಾಯಕ ಲಿಚ್ ಕಿಂಗ್. ಪ್ರಜೆಗಳನ್ನು ಕಾಪಾಡಹೊರಟು ಧರ್ಮಭ್ರಷ್ಟನಾದ ರಾಜಕುಮಾರ ಅವನು. ಕಥೆಯಾಗಿ ನೋಡಿದರೆ ದುರಂತದ ಗಾಂಭೀರ್ಯ ಅವನಿಗಿದೆ. ಆದರೆ ಹತ್ತು ಅಥವಾ ಇಪ್ಪತ್ತೈದು ಮಂದಿಯ ತಂಡವೊಂದು ಅವನನ್ನು ಕೊಂದ ಮರುಗಳಿಗೆಯಲ್ಲೇ ಮತ್ತೊಂದು ತಂಡಕ್ಕಾಗಿ ಅವನು ಅದೇ ಸಿಂಹಾಸನದಲ್ಲಿ ಕಾದಿರಬೇಕು. ಕೊಂದ ತಂಡವೂ ಮುಂದಿನ ವಾರ ಬಂದು ಮತ್ತೆ ಕೊಲ್ಲಬಹುದು. ವಾರವಾರವೂ ಸಾಯುವ ಖಳನಿಗೆ ಸಾವಿನ ಘನತೆ ಉಳಿಯುವುದಿಲ್ಲ. ಅವನು ಬಹುಮಾನದ ಪೆಟ್ಟಿಗೆಗೆ ಕಾವಲಿರುವ ನೌಕರನಾಗುತ್ತಾನೆ.

ಮನುಷ್ಯನೇ ಖಳನಾದಾಗ ಪ್ರಶ್ನೆ ಬಿಗಿಯಾಗುತ್ತದೆ. 1997ರಲ್ಲಿ ಆರಂಭವಾದ ಅಲ್ಟಿಮಾ ಆನ್‌ಲೈನ್ ಆಟದಲ್ಲಿ ಊರ ಕಾವಲಿನಿಂದಾಚೆ ಯಾರು ಯಾರನ್ನು ಬೇಕಾದರೂ ಕೊಂದು ಸುಲಿಯಬಹುದಾಗಿತ್ತು. ಕಾಡುದಾರಿಯ ಕಳ್ಳರಿದ್ದಾರೆಂಬುದರಿಂದಲೇ ಆ ಲೋಕಕ್ಕೆ ಸಾಹಸದ ರುಚಿ ಬಂದಿತೆಂದು ಅಂದಿನವರು ಹೇಳುವುದುಂಟು. ಆದರೆ 2000ದಲ್ಲಿ ನಿರ್ಮಾಪಕರು ಲೋಕವನ್ನೇ ಎರಡಾಗಿ ಒಡೆದು, ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಕೊಲ್ಲಲಾಗದ ಟ್ರ್ಯಾಮೆಲ್ ಎಂಬ ಪ್ರತಿಬಿಂಬವನ್ನು ಕಟ್ಟಿಕೊಟ್ಟಾಗ ಬಹುಪಾಲು ಜನ ಅಲ್ಲಿಗೆ ನೆಲೆ ಬದಲಿಸಿದರು. ಕಳ್ಳರಿಗೆ ಕಳ್ಳರೇ ಉಳಿದರು. ಈ ವಲಸೆಯನ್ನು ಹೇಡಿತನವೆಂದು ಕರೆಯುವ ವಾಡಿಕೆ ಸರಿಯಲ್ಲವೆಂದು ನಮಗೆ ತೋರುತ್ತದೆ. ವರ್ಷದ ದುಡಿಮೆಯನ್ನು ಕ್ಷಣದಲ್ಲಿ ಕಳೆದುಕೊಂಡವನಿಂದ ಭಯಾನಕ ರಸದ ಆಸ್ವಾದನೆಯನ್ನು ನಿರೀಕ್ಷಿಸುವುದು ಲಕ್ಷಣಶಾಸ್ತ್ರಕ್ಕೆ ವಿರುದ್ಧ. ಸಾಧಾರಣೀಕರಣ ನಡೆಯಬೇಕಾದರೆ ಭಯ ತನ್ನದೂ ಅಲ್ಲ, ಪರರದೂ ಅಲ್ಲ ಎಂಬ ನೆಲೆ ಬೇಕು. ಇಲ್ಲಿ ಭಯ ತನ್ನದೇ.

ಇದಕ್ಕೆ ಪ್ರತಿಯಾಗಿ ಈವ್ ಆನ್‌ಲೈನ್ ಆಟವನ್ನು ಎತ್ತಿಹಿಡಿಯುವವರು ಬಹಳ. ಐಸ್‌ಲೆಂಡಿನ ರೇಕ್ಯಾವಿಕ್ ನಗರದ ಕಂಪನಿಯೊಂದು 2003ರಲ್ಲಿ ಹೊರತಂದ ಈ ಅಂತರಿಕ್ಷದ ಆಟದಲ್ಲಿ ನಾಶವಾದ ನೌಕೆ ಶಾಶ್ವತವಾಗಿ ನಾಶವಾಗುತ್ತದೆ, ವಂಚನೆ ನಿಷಿದ್ಧವಲ್ಲ. 2005ರಲ್ಲಿ ಗೈಡಿಂಗ್ ಹ್ಯಾಂಡ್ ಸೋಷಿಯಲ್ ಕ್ಲಬ್ ಎಂಬ ಬಾಡಿಗೆ ಹಂತಕರ ಕೂಟ ಮತ್ತೊಂದು ಸಂಘಟನೆಯೊಳಕ್ಕೆ ಸುಮಾರು ಒಂದು ವರ್ಷ ತನ್ನವರನ್ನು ನುಗ್ಗಿಸಿ, ನಂಬಿಕೆಯ ಹುದ್ದೆಗಳಿಗೇರಿಸಿ, ನಿಗದಿತ ದಿನ ಅದರ ಮುಖ್ಯಸ್ಥೆಯ ಪಾತ್ರವನ್ನು ಕೊಂದು ಉಗ್ರಾಣಗಳನ್ನು ಬರಿದುಮಾಡಿತು. ನಷ್ಟ ಆಟದ ನಾಣ್ಯದಲ್ಲಿ ಸುಮಾರು 3000 ಕೋಟಿ. ಅಂದಿನ ಅಂದಾಜಿನಂತೆ 16,500 ಡಾಲರ್. ಕಂಪನಿ ಮಧ್ಯೆ ಪ್ರವೇಶಿಸಲಿಲ್ಲ. ಬ್ರಿಟನ್ನಿನ ಪಿಸಿ ಗೇಮರ್ ಪತ್ರಿಕೆ ಇದನ್ನು ವಿಸ್ತಾರವಾಗಿ ವರದಿಮಾಡಿದ ಮೇಲೆ ಈ ಘಟನೆ ಒಂದು ದಂತಕಥೆಯೇ ಆಗಿಬಿಟ್ಟಿತು.

ಘಟನೆಯ ಸಂವಿಧಾನ ನಿಜಕ್ಕೂ ಮುದ್ರಾರಾಕ್ಷಸವನ್ನು ನೆನಪಿಸುವಷ್ಟು ಚತುರವಾಗಿದೆ. ಆದರೆ ಅದನ್ನು ಕೃತಿಯೆಂದು ಸವಿದವರು ಯಾರೆಂಬುದನ್ನು ಗಮನಿಸಬೇಕು. ಪತ್ರಿಕೆಯಲ್ಲಿ ಓದಿದವರು, ಆ ಆಟವನ್ನು ಎಂದೂ ಆಡದವರು, ನಾವೂ ಸೇರಿದಂತೆ. ಈವ್‌ನ ಖಳರಿಗೆ ಸಹೃದಯರು ಆಟದ ಹೊರಗಿದ್ದಾರೆ. ಒಳಗಿರುವವರು ಅವರ ಕೃತಿಯ ಸಾಮಗ್ರಿಯಾಗಿದ್ದಾರೆ. ಒಂದು ವರ್ಷ ಸಹೋದ್ಯೋಗಿಯಂತೆ ಬೆರೆತವನು ಬರೆದ ನಾಟಕದಲ್ಲಿ ತಾನೊಂದು ಪಾತ್ರವೆಂದು ಆ ಸಂಘಟನೆಯ ಸದಸ್ಯನಿಗೆ ತಿಳಿದದ್ದು ಕೊನೆಯ ಅಂಕದಲ್ಲಿ. ಆದರೂ ಈವ್‌ಗೆ ಕಾಲಿಡುವವನಿಗೆ ಅಲ್ಲಿ ದ್ರೋಹ ಸಾಧ್ಯವೆಂಬುದು ಮೊದಲೇ ಗೊತ್ತಿರುತ್ತದೆ. ಆ ಮಟ್ಟಿಗೆ ಅದೊಂದು ಒಪ್ಪಂದದ ರಂಗ.

ಒಪ್ಪಂದವೆಂದರೇನೆಂಬುದನ್ನು ತಿಳಿಯಲು ನಮ್ಮ ತಾಳಮದ್ದಲೆಗಿಂತ ಸಮೀಪದ ಉದಾಹರಣೆ ಇಲ್ಲ. ಕರಾವಳಿಯಲ್ಲಷ್ಟೇ ಅಲ್ಲದೆ ಮುಂಬಯಿಯ ಸಭಾಂಗಣಗಳಲ್ಲೂ ಮಳೆಗಾಲದಲ್ಲಿ ನಡೆಯುವ ಈ ಕೂಟಗಳನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಎದುರುಬದುರು ಕುಳಿತು, ಭಾಗವತರ ಪದ್ಯವನ್ನು ಹಿಡಿದು, ಆಗಲೇ ಹುಟ್ಟುವ ಮಾತಿನಿಂದ ಪಾತ್ರವನ್ನು ಕಟ್ಟುತ್ತಾರೆ. ಇದೂ ಹಲವರು ಕೂಡಿ ನಡೆಸುವ ಪಾತ್ರಾಭಿನಯವೇ. ಪ್ರಸಂಗದಲ್ಲಿ ವಾಲಿ ಸಾಯಲೇಬೇಕು. ಆದರೆ ವಾದದಲ್ಲಿ ವಾಲಿ ರಾಮನನ್ನು ತಬ್ಬಿಬ್ಬುಗೊಳಿಸಬಹುದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ, ಕೌರವರನ್ನು ಜನ ಮೆಚ್ಚಿದ್ದು ಈ ಕಾರಣಕ್ಕೆ. ಯಕ್ಷಗಾನದ ಪರಿಭಾಷೆಯಲ್ಲಿ ಇಂಥ ಪಾತ್ರಕ್ಕೆ ಎದುರು ವೇಷವೆಂಬ ಹೆಸರುಂಟು. ದುಷ್ಟನೆಂದಲ್ಲ, ಎದುರಿಗಿರುವವನೆಂದು. ಎದುರಿನವನ ಮಾತಿಗೆ ಎಡೆಗೊಡದ ಅರ್ಥಧಾರಿ ಎಷ್ಟೇ ಪ್ರತಿಭಾವಂತನಾದರೂ ಕೂಟವನ್ನು ಕೆಡಿಸಿದನೆಂಬ ಮಾತು ಬರುತ್ತದೆ.

ಈ ಹಿನ್ನೆಲೆಯಲ್ಲಿ ಟ್ವಿಕ್ಸ್ಟ್ ಎಂಬ ಪಾತ್ರದ ಪ್ರಕರಣ ಹೆಚ್ಚಿನ ಪರಿಶೀಲನೆಗೆ ಅರ್ಹವಾಗಿದೆ. 2004ರ ಸಿಟಿ ಆಫ್ ಹೀರೋಸ್ ಎಂಬ ಆಟಕ್ಕೆ ಮರುವರ್ಷ ಸಿಟಿ ಆಫ್ ವಿಲನ್ಸ್ ಎಂಬ ಜೋಡಿ ಬಂದಿತು. ಖಳನಾಗಬಯಸುವವರಿಗೆಂದೇ ಕಟ್ಟಿದ ಆಟ ಅದು. ಸೆರೆಮನೆಯನ್ನು ಒಡೆದು ಹೊರಬರುವುದರೊಡನೆ ಆರಂಭ; ಆಮೇಲೆ ಯಂತ್ರಪಾತ್ರಗಳು ಒಪ್ಪಿಸುವ ಕೆಲಸಗಳನ್ನು ಒಂದೊಂದಾಗಿ ಮುಗಿಸುತ್ತ ಹೋಗಬೇಕು. ಬ್ಯಾಂಕು ದೋಚುವುದಕ್ಕೂ ಅಪ್ಪಣೆ ಬೇಕು. ಸ್ವಂತ ಸಂಕಲ್ಪವಿಲ್ಲದ ದುಷ್ಟತನ ಗುಮಾಸ್ತಗಿರಿಯಾಗುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಎರಡೂ ಪಕ್ಷಗಳು ನಿಜವಾಗಿ ಸೆಣಸಲೆಂದು ರೆಕ್ಲೂಸಸ್ ವಿಕ್ಟರಿ ಎಂಬ ಪ್ರದೇಶವೊಂದನ್ನು ಮೀಸಲಿರಿಸಲಾಗಿತ್ತು. ಆದರೆ ಅಲ್ಲಿ ವೀರರೂ ಖಳರೂ ಕಾಲಾಂತರದಲ್ಲಿ ತಮ್ಮದೇ ಒಂದು ವಾಡಿಕೆಯನ್ನು ಬೆಳೆಸಿಕೊಂಡಿದ್ದರು. ಹರಟುವುದು, ಒಪ್ಪಿ ದ್ವಂದ್ವಯುದ್ಧ ಮಾಡುವುದು, ಯಂತ್ರದ ವೈರಿಗಳನ್ನು ಕೊಂದು ಅಂಕ ಕೂಡಿಸುವುದು ಇತ್ಯಾದಿ.

ನ್ಯೂ ಆರ್ಲಿಯನ್ಸ್‌ನ ಲೊಯೊಲಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ಮೈಯರ್ಸ್ ಈ ವಾಡಿಕೆಯನ್ನು ಧಿಕ್ಕರಿಸಿ, ನಿಯಮಪುಸ್ತಕವನ್ನಷ್ಟೇ ಅನುಸರಿಸಿ ಆಡಿದರು. ಅವರ ಟ್ವಿಕ್ಸ್ಟ್ ವೀರಪಕ್ಷದವನು. ಖಳರನ್ನು ಮಂತ್ರಬಲದಿಂದ ಸೆಳೆದು, ವೀರರ ನೆಲೆಯನ್ನು ಕಾಯುವ ಯಂತ್ರಗಳ ಬಾಯಿಗೆ ಕೆಡವುವುದು ಅವನ ತಂತ್ರ. ಯಾವ ನಿಯಮವೂ ಅದನ್ನು ತಡೆದಿರಲಿಲ್ಲ. ಪರಿಣಾಮವನ್ನು ಮೈಯರ್ಸ್ 2008ರ ಪ್ರಬಂಧವೊಂದರಲ್ಲಿ ದಾಖಲಿಸಿದ್ದಾರೆ: ಬೈಗುಳ, ಬಹಿಷ್ಕಾರ, ತನ್ನದೇ ಪಕ್ಷದವರ ತಿರಸ್ಕಾರ, ಕೊನೆಗೆ ಜೀವಬೆದರಿಕೆ. ವೀರನ ವೇಷ ತೊಟ್ಟು, ವೀರನಿಗೆ ವಿಧಿಸಿದ ಕೆಲಸವನ್ನೇ ಮಾಡಿದವನು ಆ ಲೋಕದ ಏಕೈಕ ನಿಜವಾದ ಖಳನೆನಿಸಿದನು. ಖಳರ ವೇಷದವರು ಸಂತ್ರಸ್ತರಾದರು.

ಸಮುದಾಯದ ಒತ್ತಡ ಆಟದ ಸ್ವಾತಂತ್ರ್ಯವನ್ನು ಹೇಗೆ ಹಿಸುಕುತ್ತದೆಂಬುದಕ್ಕೆ ಇದು ಸಾಕ್ಷಿಯೆಂದು ಮೈಯರ್ಸ್ ವಾದಿಸುತ್ತಾರೆ. ಬೆದರಿಕೆಗಳ ಮಟ್ಟಿಗೆ ಅವರ ದೂರನ್ನು ತಳ್ಳಿಹಾಕಲಾಗದು. ಅವಕ್ಕೆ ಯಾವ ವಾಡಿಕೆಯ ಸಮರ್ಥನೆಯೂ ಇಲ್ಲ. ಆದರೆ ನಿಯಮಪುಸ್ತಕವೇ ಆಟವೆಂಬ ಅವರ ಗೃಹೀತವನ್ನು ನಾವು ಒಪ್ಪಲಾರೆವು. ಪ್ರಸಂಗದ ಪದ್ಯಗಳಷ್ಟೇ ತಾಳಮದ್ದಲೆಯಲ್ಲ. ಅರ್ಥಧಾರಿಗಳ ನಡುವೆ ಬರೆಯದೆ ಉಳಿದ ಸಮ್ಮತಿಗಳ ಮೇಲೆ ಕೂಟ ನಿಂತಿರುತ್ತದೆ. ಅವುಗಳನ್ನು ಮುರಿಯುವ ಹಕ್ಕು ಕಲಾವಿದನಿಗಿದೆ, ಆದರೆ ಮುರಿದುದಕ್ಕೆ ಪ್ರತಿಯಾಗಿ ಎದುರಿನವನಿಗೆ ಅವನು ಏನನ್ನಾದರೂ ಕೊಡಬೇಕು. ಟ್ವಿಕ್ಸ್ಟ್ ಕೊಟ್ಟದ್ದೇನು? ಯಂತ್ರದ ಬಾಯಿಗೆ ಬಿದ್ದವನಿಗೆ ಪ್ರತ್ಯುತ್ತರದ ಅವಕಾಶವಿರಲಿಲ್ಲ. ಅದೇ ಪೆಟ್ಟು, ಮತ್ತೆ ಮತ್ತೆ. ಅವನ ತಪ್ಪು ಕ್ರೌರ್ಯವಲ್ಲ, ಅರಸಿಕತೆ. ಈ ಆಟದ ಲೋಕ 2012ರಲ್ಲಿ ಮುಚ್ಚಿತು. ಅಭಿಮಾನಿಗಳೇ ನಡೆಸುವ ಅದರ ಪುನರವತಾರಕ್ಕೆ ಹಕ್ಕುದಾರ ಕಂಪನಿಯ ಅನುಮತಿ ದೊರೆತದ್ದು 2024ರಲ್ಲಿ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಪಾತ್ರದ ಮೇಲಿನ ಸಿಟ್ಟು ಪಾತ್ರಧಾರಿಯ ಪ್ರಾಣದ ಮೇಲಿನ ಬೆದರಿಕೆಯಾಗಿ ಇಷ್ಟು ಸುಲಭವಾಗಿ ಹೊರಳಿದ್ದೇಕೆ? ಯಕ್ಷಗಾನದ ಬಯಲಾಟದಲ್ಲಿ ರಂಗದ ಹಿಂದೆ ಚೌಕಿ ಇರುತ್ತದೆ. ರಾತ್ರಿಯಿಡೀ ಅಬ್ಬರಿಸಿದ ರಾವಣ ಬೆಳಗಿನ ಜಾವ ಅಲ್ಲಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾನೆ, ರಾಮನ ಪಕ್ಕದಲ್ಲೇ ಕುಳಿತು. ಇಣುಕಿ ನೋಡುವ ಹುಡುಗರಿಗೂ ಅದು ಕಾಣುತ್ತದೆ. ಖಳನನ್ನು ಕ್ಷಮಿಸುವ ಸಂಸ್ಕಾರ ರಂಗದ ಮೇಲಿಲ್ಲ, ಚೌಕಿಯಲ್ಲಿದೆ. ಕಂಪ್ಯೂಟರ್ ಆಟದ ಲೋಕಗಳಲ್ಲಿ ಬಣ್ಣ ತೆಗೆದ ಮುಖವನ್ನು ಯಾರೂ ಕಾಣುವುದಿಲ್ಲ. ಹೀಗಾಗಿ ಅಲ್ಲಿ ಖಳನ ಪಾತ್ರ ವಹಿಸುವವನು ಸದಾ ಖಳನಾಗಿಯೇ ಉಳಿಯುತ್ತಾನೆ. ಪಾತ್ರದ ಮರೆಯಲ್ಲಿ ನಿಜಕ್ಕೂ ಕೇಡು ಮಾಡಬಯಸುವವನಿಗೆ ಅದೇ ಬಣ್ಣ ರಕ್ಷೆಯೂ ಆಗುತ್ತದೆ.

ಎರಡನೆಯ ಅಪಾಯದ ಬಗ್ಗೆ ಈ ಪ್ರಕಾರದ ಮೊದಮೊದಲ ದಾಖಲೆಗಳಲ್ಲೊಂದು ಲಾಂಬ್ಡಾಮೂ ಎಂಬ ಅಕ್ಷರಲೋಕದ್ದು. 1993ರಲ್ಲಿ ಜೂಲಿಯನ್ ಡಿಬೆಲ್ ಅದನ್ನು ನ್ಯೂಯಾರ್ಕಿನ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಬರೆದರು. ಮಿಸ್ಟರ್ ಬಂಗಲ್ ಎಂಬ ವಿದೂಷಕವೇಷದ ಪಾತ್ರ, ಒಂದು ಸಣ್ಣ ಕ್ರಮವಿಧಿಯ ನೆರವಿನಿಂದ, ಇತರ ಪಾತ್ರಗಳು ತಾವಾಗಿಯೇ ಅಶ್ಲೀಲ ಕೃತ್ಯಗಳನ್ನೆಸಗಿದಂತೆ ಎಲ್ಲರೆದುರು ವಾಕ್ಯಗಳನ್ನು ಮೂಡಿಸಿತು. ಎದುರಿನವನ ಅರ್ಥವನ್ನು ತಾನೇ ಹೇಳಿಬಿಡುವುದಕ್ಕೆ ಇದು ಸಮ. ಅದನ್ನು ಯಾವ ರಂಗವೂ ಪ್ರತಿನಾಯಕನ ಹಕ್ಕೆಂದು ಒಪ್ಪದು. ಲೋಕದ ನಿವಾಸಿಗಳು ಸಭೆ ಸೇರಿ ತಾಸುಗಟ್ಟಲೆ ಚರ್ಚಿಸಿದರು, ತೀರ್ಮಾನಕ್ಕೆ ಬರಲಿಲ್ಲ. ಕೊನೆಗೆ ಆಡಳಿತಾಧಿಕಾರವಿದ್ದ ಒಬ್ಬರು ಆ ಪಾತ್ರವನ್ನು ಅಳಿಸಿಹಾಕಿದರು. ಕೆಲದಿನಗಳಲ್ಲಿ ಡಾಕ್ಟರ್ ಜೆಸ್ಟ್ ಎಂಬ ಹೊಸ ಪಾತ್ರವೊಂದು ಅಲ್ಲಿಗೆ ಬಂದಿತು, ಮಾತಿನ ಧಾಟಿಯಿಂದಲೇ ಹಳಬರು ಗುರುತು ಹಿಡಿದರು. ಬಣ್ಣ ಬೇರೆಯಾಗಿತ್ತು.